ರೇಡಿಯೋ, ಆಕಾಶವಾಣಿ, ಬಾನುಲಿ

ನಮ್ಮ ಹಾಸ್ಟೆಲ್ ಕೋಣೆಯಲ್ಲಿ ಒಂದು ಹಳೇ ರೇಡಿಯೋ ಇದೆ. ಹೋದ ತಿಂಗಳು ಅದರ ಹೆಸರಿನ ಮೇಲೇ ಜಗಳ ಆಯ್ತು. ನಾನು "ಆಕಾಶವಾಣಿ ಹಾಕು" ಅಂದೆ. ಮಧುರೆಯ ಗೆಳೆಯ, "ಅದು ಉತ್ತರದವರ ಮಾತು, ನಮ್ಮಲ್ಲಿ ವಾನೊಲಿ" ಅಂದ. ಕೋಪ ಬಂತು, ಆದರೆ ಉತ್ತರ ಹೊಳೆಯಲಿಲ್ಲ. ಆಮೇಲೆ ಲೈಬ್ರರಿಯಲ್ಲಿ ಹುಡುಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ರೇಡಿಯೋ. ಲ್ಯಾಟಿನ್ನಿನ 'ರೇಡಿಯಸ್' ಎಂದರೆ ಗಾಡಿಚಕ್ರದ ಕಡ್ಡಿ. ಕಿರಣ ಎಂಬ ಅರ್ಥವೂ ಉಂಟು. ಅಲೆಗಳು ಹಾಗೆಯೇ ನಡುವಿನಿಂದ ಸುತ್ತಲೂ ಹರಡುತ್ತವೆ. ನಾವು ಪೆಟ್ಟಿಗೆಗೂ ರೇಡಿಯೋ ಅನ್ನುತ್ತೇವೆ, ಪ್ರಸಾರಕ್ಕೂ ರೇಡಿಯೋ ಅನ್ನುತ್ತೇವೆ. "ರೇಡಿಯೋ ಕೆಟ್ಟಿದೆ", "ರೇಡಿಯೋದಲ್ಲಿ ಹೇಳಿದ್ರು" ಎರಡೂ ಸರಿ. ನಮ್ಮಜ್ಜಿಗೆ ಮಾತ್ರ ಅದು 'ಟ್ರಾನ್ಸಿಸ್ಟರ್'. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಪುಟ್ಟ ಬಿಡಿಭಾಗದ ಹೆಸರು ಇಡೀ ಪೆಟ್ಟಿಗೆಗೇ ಅಂಟಿಕೊಂಡಿತು!

ಇನ್ನು ಆಕಾಶವಾಣಿ. ಕಂಸನಿಗೆ ಕೇಳಿಸಿದ್ದು ಇದೇ. ಮಾತು ಕೇಳುತ್ತದೆ, ಆಡಿದವರು ಕಾಣುವುದಿಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಅದಕ್ಕೆ ಈ ಹೆಸರು ಬಂತು. 1950ರ ದಶಕದಲ್ಲಿ ಸರ್ಕಾರ ಇದನ್ನೇ ದೇಶಕ್ಕೆಲ್ಲ ಇಟ್ಟಿತು. ಪದ ಸಂಸ್ಕೃತದ್ದು ನಿಜ, ಆದರೆ ರೇಡಿಯೋಗೆ ಅದು ಅಂಟಿದ್ದು ಮೈಸೂರಿನಲ್ಲಿ. ಇದು ಕೇಂದ್ರದ ಹೆಸರು, ಪೆಟ್ಟಿಗೆಯದಲ್ಲ. "ಆಕಾಶವಾಣಿ ರಿಪೇರಿಗೆ ಕೊಟ್ಟೆ" ಅಂತ ಯಾರೂ ಅನ್ನುವುದಿಲ್ಲ ತಾನೆ?

ಇದನ್ನು ಗೆಳೆಯನಿಗೆ ಹೆಮ್ಮೆಯಿಂದ ಹೇಳಿದೆ. ಅವನೂ ಬಿಡಲಿಲ್ಲ. ಮದರಾಸಿನಲ್ಲಿ ರೇಡಿಯೋ ಕ್ಲಬ್ಬು 1924ರಲ್ಲೇ ಪ್ರಸಾರ ಶುರು ಮಾಡಿತ್ತು, ಅದು ನಿಂತ ಮೇಲೆ 1930ರಿಂದ ನಗರಸಭೆಯೇ ನಡೆಸಿತು ಅಂದ. ಅದೂ ನಿಜವೇ.

ಕೊನೆಗೆ ಬಾನುಲಿ. ಕನ್ನಡ ಮೀಡಿಯಮ್ಮಿನಲ್ಲಿ ಓದಿದ ನನಗೆ ಅದು ಬರೀ ಪರೀಕ್ಷೆಗೆ ಬರೆಯುವ ಪದವಾಗಿತ್ತು. ಬಾಯಲ್ಲಿ ಒಮ್ಮೆಯೂ ಆಡಿರಲಿಲ್ಲ. ಬಾನು ಎಂದರೆ ಆಕಾಶ, ಉಲಿ ಎಂದರೆ ದನಿ. ತಮಿಳಿನಲ್ಲಿ ವಾನ್, ಒಲಿ. ಅವರ 'ವಾ' ನಮ್ಮ 'ಬಾ', ಅವರ 'ವಾಳೈ' ನಮ್ಮ 'ಬಾಳೆ'. ಹಾಗೆಯೇ ವಾನೊಲಿ, ಬಾನುಲಿ. ನಾನು ಬಿಡಿಸಿ ಹೇಳುವ ಮೊದಲೇ ಗೆಳೆಯನಿಗೆ ಅರ್ಥವಾಗಿಬಿಟ್ಟಿತು!

ಮೂರು ವರ್ಷದಿಂದ ಈ ಊರಿನಲ್ಲಿ ನನ್ನ ಕನ್ನಡ ಯಾರಿಗೂ ತಿಳಿಯದು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಈಗ ದಿನಕ್ಕೊಂದು ಪದ ಅವನ ಮುಂದಿಟ್ಟು ನೋಡುತ್ತಿದ್ದೇನೆ. ಗೆಳೆಯರೇ, ನೀವೂ ನೋಡಿ.