ಸೊಪ್ಪಿನ ಸತ್ವಕ್ಕೆ ಎಣ್ಣೆಯ ಜತೆ

ನುಗ್ಗೆಸೊಪ್ಪು ಹೆಚ್ಚೋ, ಕಡಲೆಕಾಯಿ ಎಣ್ಣೆ ಹೆಚ್ಚೋ? ಹೀಗೆ ಕೇಳಿದರೆ ಮನೆಯ ಹಿರಿಯರು ನಕ್ಕಾರು. ಸೊಪ್ಪೆಲ್ಲಿ, ಎಣ್ಣೆಯೆಲ್ಲಿ! ಆದರೆ ಮಗ ತುಸು ದಪ್ಪಗಾದನೆಂದು ಪಲ್ಯದ ಒಗ್ಗರಣೆಗೇ ಕತ್ತರಿ ಹಾಕುವ ತಾಯಂದಿರೂ, ಎಣ್ಣೆ ಎಂದರೆ ಮುಖ ಸಿಂಡರಿಸುವ ಕಾಲೇಜು ಹುಡುಗಿಯರೂ ಇರುವಾಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದರಲ್ಲಿ ತಪ್ಪಿಲ್ಲ.

ನೂರು ಗ್ರಾಂ ಕಡಲೆಕಾಯಿ ಎಣ್ಣೆಯಲ್ಲಿ (ಉತ್ತರ ಕರ್ನಾಟಕದವರ ಶೇಂಗಾ ಎಣ್ಣೆ) ಸುಮಾರು 900 ಕ್ಯಾಲೊರಿ ಶಕ್ತಿಯಿದೆ. ಅಷ್ಟೂ ಬರುವುದು ಕೊಬ್ಬಿನಿಂದಲೇ. ಪ್ರೊಟೀನಿಲ್ಲ, ಪಿಷ್ಟವಿಲ್ಲ, ನಾರಿಲ್ಲ. ಹೇಳಿಕೊಳ್ಳುವಂತಹ ವಿಟಮಿನ್ ಎಂದರೆ 'ಇ' ಒಂದೇ. ಅಷ್ಟೇ ತೂಕದ ನುಗ್ಗೆಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರು. ಶಕ್ತಿ 100 ಕ್ಯಾಲೊರಿಗೂ ಕಡಿಮೆ. ಆದರೆ ಪ್ರೊಟೀನು 6 ಗ್ರಾಂಗಿಂತ ಹೆಚ್ಚು, ಸುಣ್ಣದ ಅಂಶ 300 ಮಿಲಿಗ್ರಾಂ ಮೀರಿದ್ದು. ಹಸುವಿನ ಹಾಲಿನಲ್ಲಿರುವುದು ಸುಮಾರು 120 ಮಿಲಿಗ್ರಾಂ! ಜತೆಗೆ ವಿಟಮಿನ್ 'ಸಿ', ಕಬ್ಬಿಣ, ದೇಹದಲ್ಲಿ ವಿಟಮಿನ್ 'ಎ' ಆಗುವ ಕ್ಯಾರೊಟಿನ್.

ಪಂದ್ಯ ಇಲ್ಲಿಗೆ ಮುಗಿಯಿತೆ? ಇಲ್ಲ. ನೂರು ಗ್ರಾಂ ಎಣ್ಣೆಯನ್ನು ಯಾರೂ ಒಮ್ಮೆಗೇ ಕುಡಿಯುವುದಿಲ್ಲ. ಒಗ್ಗರಣೆಗೆ ಬೀಳುವ ಒಂದು ಚಿಕ್ಕ ಚಮಚದಲ್ಲಿ ಇರುವುದು ಸುಮಾರು 45 ಕ್ಯಾಲೊರಿ. ಈ ಚಮಚದ ಕೆಲಸ ಮಾತ್ರ ದೊಡ್ಡದು. ಕ್ಯಾರೊಟಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಊಟದಲ್ಲಿ ಕೊಬ್ಬೇ ಇಲ್ಲದಿದ್ದರೆ ಕರುಳು ಅದನ್ನು ಹೀರಿಕೊಳ್ಳುವುದು ಬಹಳ ಕಡಿಮೆ. ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಹಸಿ ತರಕಾರಿಯ ಸಲಾಡ್ ತಿನ್ನಿಸಿ ರಕ್ತ ಪರೀಕ್ಷಿಸಿದರು. ಎಣ್ಣೆಯಿಲ್ಲದ ಸಲಾಡ್ ತಿಂದ ದಿನ ಕ್ಯಾರೊಟಿನ್ ರಕ್ತಕ್ಕೆ ಸೇರಿದ್ದು ಇಲ್ಲವೆನ್ನುವಷ್ಟು ಕಡಿಮೆ; ಎಣ್ಣೆ ಬೆರೆಸಿದ ದಿನ ಚೆನ್ನಾಗಿಯೇ ಸೇರಿತ್ತು. ಇರುಳುಗುರುಡಿನ ಪಾಠ ಓದಿದ ವಿದ್ಯಾರ್ಥಿಗಳಿಗೆ ಇದರ ಬೆಲೆ ಗೊತ್ತು.

ಎಣ್ಣೆಗೆ ಇನ್ನೊಂದು ಗುಣವಿದೆ. ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ 1929ರಲ್ಲಿ, ಕೊಬ್ಬನ್ನೇ ತೆಗೆದುಹಾಕಿದ ಆಹಾರ ತಿಂದ ಇಲಿಗಳ ಬೆಳವಣಿಗೆ ಕುಂಠಿತವಾಗಿ ಚರ್ಮ ಕೆಡುವುದನ್ನು ತೋರಿಸಿದರು. ದೇಹ ತಾನೇ ತಯಾರಿಸಿಕೊಳ್ಳಲಾರದ ಲಿನೊಲೀಕ್ ಆಮ್ಲ ಅವಕ್ಕೆ ಸಿಕ್ಕಿರಲಿಲ್ಲ. ಕಡಲೆಕಾಯಿ ಎಣ್ಣೆಯಲ್ಲಿ ಅದು ಧಾರಾಳ. ಹಾಗೆಂದು ಬೋಂಡ, ಚಿಪ್ಸಿಗೆ ಇದನ್ನು ಅಪ್ಪಣೆಚೀಟಿ ಮಾಡಿಕೊಳ್ಳಬಾರದು; ಇಲ್ಲಿ ಹೇಳಿದ್ದು ಚಮಚದ ಲೆಕ್ಕ, ಬಾಣಲೆಯದಲ್ಲ. ಇನ್ನು ಪೊಟ್ಟಣದ ಮೇಲೆ 'ಕೊಲೆಸ್ಟರಾಲ್ ರಹಿತ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವುದು ವ್ಯಾಪಾರದ ಜಾಣತನ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ.

ಅಡುಗೆಮನೆಯಲ್ಲಿ ಸೊಪ್ಪಿನ ವಿಟಮಿನ್ 'ಸಿ' ಬಹುಬೇಗ ನಷ್ಟವಾಗುತ್ತದೆ. ಬಿಸಿಗೆ ಸ್ವಲ್ಪ ಹಾಳು, ಬಸಿದ ನೀರಿನೊಂದಿಗೆ ಸ್ವಲ್ಪ ಮೋರಿಗೆ. ಹಳೇ ಮೈಸೂರು ಕಡೆಯ ಬಸ್ಸಾರು ಈ ವಿಷಯದಲ್ಲಿ ಮೆಚ್ಚತಕ್ಕದ್ದು. ಬಸಿದ ನೀರೇ ಸಾರಾಗುತ್ತದೆ, ಸೊಪ್ಪು ಕಾಳು ಒಗ್ಗರಣೆ ಹಾಕಿದ ಪಲ್ಯವಾಗುತ್ತದೆ. ಕ್ಯಾರೊಟಿನ್‌ಗೆ ಬೇಕಾದ ಎಣ್ಣೆಯೂ ಅಲ್ಲೇ ಸಿಕ್ಕಿತು. ತಟ್ಟೆಗೆ ಬಡಿಸಿದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣ ದೇಹಕ್ಕೆ ಇನ್ನಷ್ಟು ಚೆನ್ನಾಗಿ ಹಿಡಿಯುತ್ತದೆ.