ಯಂತ್ರ ಹೋದ ಮೇಲೆ ಗದ್ದೆಯಲ್ಲಿ ಉಳಿಯುವ ಭತ್ತ

ಮುಂಬಯಿ: ಊರಿನಲ್ಲಿ ಒಂದೆರಡು ಎಕರೆ ಗದ್ದೆ ಉಳಿಸಿಕೊಂಡಿರುವ ಕರಾವಳಿಯ ನಮ್ಮವರಿಗೆ ದೀಪಾವಳಿ ಸಮೀಪಿಸಿತೆಂದರೆ ಎರಡು ಚಿಂತೆ. ಒಂದು ರೈಲಿನ ಟಿಕೆಟ್, ಇನ್ನೊಂದು ಕಟಾವು ಯಂತ್ರದ ಸರದಿ. ಕೊಯ್ಲಿಗೆ ಆಳುಗಳು ಸಿಗದ ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಏಣೆಲು ಬೆಳೆಗೆ ಈಗ ಬಾಡಿಗೆ ಯಂತ್ರವೇ ಗತಿ. "ಕೊಯ್ಲು ಮುಗಿಯಿತು" ಎಂದು ಊರಿನಿಂದ ಫೋನ್ ಬಂದರೆ ಇಲ್ಲಿ ನಮಗೆ ಸಮಾಧಾನ. ಗದ್ದೆಯಲ್ಲೇ ಎಷ್ಟು ಭತ್ತ ಉಳಿಯಿತು ಎಂದು ಕೇಳುವವರು ಮಾತ್ರ ಕಡಿಮೆ.

ಲೆಕ್ಕ ಕಷ್ಟದ್ದಲ್ಲ. ಸಾವಿರ ಕಾಳು ಭತ್ತ ಸುಮಾರು 25 ಗ್ರಾಂ ತೂಗುತ್ತದೆ. ಒಂದು ಚದರ ಅಡಿಗೆ ಸರಾಸರಿ 10 ಕಾಳು ಬಿದ್ದಿದ್ದರೆ ಎಕರೆಗೆ ಸುಮಾರು 11 ಕಿಲೋ ಹೋಯಿತು. 40 ಕಾಳಾದರೆ ಹೋದದ್ದು 40 ಕಿಲೋಗೂ ಹೆಚ್ಚು. ಯಂತ್ರದ ಹಿಂದೆ ಬೈಹುಲ್ಲು ಸಾಲಾಗಿ ಬೀಳುವುದರಿಂದ ಅಲ್ಲಿ ಕಾಳು ಹೆಚ್ಚು ಕಾಣುತ್ತದೆ. ಆದುದರಿಂದ ಹುಲ್ಲು ಸರಿಸಿ, ಕೊಯ್ದ ಅಗಲದ ಉದ್ದಕ್ಕೂ ನಾಲ್ಕೈದು ಕಡೆ ಎಣಿಸಿ ಸರಾಸರಿ ತೆಗೆಯಬೇಕು.

ಕಾಳು ಎಲ್ಲಿ ಉದುರಿತೆಂದು ತಿಳಿಯಲೂ ದಾರಿಯಿದೆ. ಯಂತ್ರವನ್ನು ನಡುವೆ ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ತರಲು ಹೇಳಿ. ಇನ್ನೂ ಕೊಯ್ಯದ ಪೈರಿನ ಬುಡದಲ್ಲಿ ಬಿದ್ದಿರುವ ಕಾಳಿಗೆ ಯಂತ್ರ ಹೊಣೆಯಲ್ಲ, ಅದು ಕೊಯ್ಲು ತಡವಾದುದರ ಫಲ. ಕೊಯ್ದಿದ್ದರೂ ಹುಲ್ಲು ಬೀಳದ ಜಾಗದಲ್ಲಿ ಅದಕ್ಕಿಂತ ಹೆಚ್ಚಿದ್ದರೆ ಮುಂಭಾಗದ ರೀಲು ಅತಿ ವೇಗವಾಗಿ ತಿರುಗಿ ತೆನೆಯನ್ನು ಬಡಿಯುತ್ತಿದೆ ಅಥವಾ ಅಲಗು ಮೊಂಡಾಗಿದೆ. ಹುಲ್ಲಿನಡಿಯಲ್ಲಿ ಹೆಚ್ಚಿದ್ದರೆ ದೋಷ ಹೊಟ್ಟೆಯೊಳಗಿನದು.

ಈ ಹೊಟ್ಟೆಯ ದೋಷಕ್ಕೆ ಅರ್ಧ ಕಾರಣ ನಾವೇ. ಬಾಡಿಗೆ ಗಂಟೆಯ ಲೆಕ್ಕದಲ್ಲಿದ್ದರೆ ಬೇಗ ಮುಗಿಯಲಿ ಎಂಬ ಆಸೆ ನಮಗೆ, ಮುಂದಿನ ಗದ್ದೆಯ ಅವಸರ ಚಾಲಕನಿಗೆ. ಯಂತ್ರ ಓಡಿದಷ್ಟೂ ಡ್ರಮ್ಮಿಗೆ ಹೊರೆ ಹೆಚ್ಚಿ, ಕಾಳು ಹುಲ್ಲಿನೊಂದಿಗೇ ಹೊರಬೀಳುತ್ತದೆ. ಉಳಿಸಿದ ಹತ್ತು ನಿಮಿಷದ ಬಾಡಿಗೆ ಹೀಗೆ ಮಣ್ಣುಪಾಲು. ಇನ್ನೊಂದು, ಚೀಲದಲ್ಲಿ ಜಳ್ಳು ಕಂಡೊಡನೆ "ಗಾಳಿ ಜಾಸ್ತಿ ಮಾಡಿ" ಎನ್ನುತ್ತೇವೆ. ಫ್ಯಾನಿನ ಗಾಳಿ ಮಿತಿ ಮೀರಿದರೆ ಜಳ್ಳಿನ ಜೊತೆ ಗಟ್ಟಿ ಕಾಳೂ ಹಾರುತ್ತದೆ. ಚೀಲದಲ್ಲಿ ಸ್ವಲ್ಪ ಜಳ್ಳಿದ್ದರೆ ಇರಲಿ, ಮನೆಯಲ್ಲಿ ಗೆರಸೆ ಇದೆಯಲ್ಲ!

ಯಂತ್ರ ಬರುವ ಮೊದಲೇ ಆಗಬೇಕಾದ ಕೆಲಸಗಳೂ ಇವೆ. ಕೊಯ್ಲಿಗೆ ಏಳರಿಂದ ಹತ್ತು ದಿನ ಮೊದಲು ನೀರು ಬಸಿಯಬೇಕು, ಇಲ್ಲವಾದರೆ ಯಂತ್ರ ಹೂತು ಪೈರನ್ನೂ ತುಳಿಯುತ್ತದೆ. ನಮ್ಮ ಸಣ್ಣ ಗದ್ದೆಗಳಲ್ಲಿ ಯಂತ್ರ ತಿರುಗುವ ಮೂಲೆಗಳನ್ನು ಕತ್ತಿಯಿಂದ ಕೊಯ್ದಿಟ್ಟರೆ ಅಷ್ಟು ಭತ್ತ ಉಳಿಯಿತು. ತೆನೆಯ ಕಾಳು ನೂರಕ್ಕೆ 80-85ರಷ್ಟು ಹಳದಿಯಾದಾಗ ಕೊಯ್ಲಿಗೆ ಹದ. ಆಗ ತೇವಾಂಶ ಶೇ. 20ರಿಂದ 25ರೊಳಗಿರುತ್ತದೆ. ಯಂತ್ರದ ಸರದಿಗೆ ಕಾದು ಪೈರು ಒಣಗಿದಷ್ಟೂ ಉದುರುವುದು ಹೆಚ್ಚು. ಹಾಗಾಗಿ ಪೈರು ಹಸಿರಿರುವಾಗಲೇ ಯಂತ್ರ ಗೊತ್ತುಮಾಡಿಕೊಳ್ಳಲು ಊರಿನವರಿಗೆ ಫೋನ್ ಮಾಡಿ. ಮಳೆಗೆ ಮಲಗಿದ ಪೈರಾದರೆ ವಾಲಿದ ದಿಕ್ಕಿಗೆ ಎದುರಾಗಿ, ನಿಧಾನವಾಗಿ ಕೊಯ್ಯಬೇಕು. ಬೆಳಗಿನ ಇಬ್ಬನಿ ಆರದೆ ಆರಂಭಿಸುವುದೂ ಬೇಡ. ಒದ್ದೆ ಹುಲ್ಲಿನಿಂದ ಕಾಳು ಸರಿಯಾಗಿ ಬೇರ್ಪಡುವುದಿಲ್ಲ.

ಹಬ್ಬಕ್ಕೆ ಊರಿಗೆ ಹೋದವರು ಬದುವಿನ ಮೇಲೆ ಕುಳಿತು ಫೋಟೋ ತೆಗೆಯುವ ಮೊದಲು, ಮೊದಲ ಸುತ್ತು ಮುಗಿದೊಡನೆ ಯಂತ್ರದ ಹಿಂದೆ ಒಮ್ಮೆ ನಡೆದು ಕಾಳು ಎಣಿಸಲಿ. ಉಳಿದ ಗದ್ದೆಯ ಕೊಯ್ಲನ್ನು ಸರಿಪಡಿಸಲು ಆಗ ಸಮಯವಿರುತ್ತದೆ. ಚೀಲಕ್ಕೆ ಬಂದ ಹಸಿ ಭತ್ತವನ್ನು ಮಾತ್ರ ಹಬ್ಬ ಕಳೆಯಲೆಂದು ಕಟ್ಟಿಡಬಾರದು. ಅಂದೇ ಅಂಗಳದಲ್ಲಿ ಹರಡಿ, ತೇವಾಂಶ ಶೇ. 14ಕ್ಕೆ ಇಳಿಯುವ ತನಕ ಒಣಗಿಸಬೇಕು.