ಆಟಿಯ ಕಷಾಯಕ್ಕೆ ವಿಜ್ಞಾನದ ಒರೆಗಲ್ಲು

ಥಾಣೆ ಸೀಮೆಯ ತುಳು-ಕನ್ನಡಿಗರು ವರ್ಷಕ್ಕೊಮ್ಮೆ ಮುಖ ಹಿಂಡಿಕೊಂಡು ಕುಡಿಯುವ ಹಾಲೆ ತೊಗಟೆಯಲ್ಲಿ ನಿಜಕ್ಕೂ ಏನಿದೆ? ಮಣಿಪಾಲದಿಂದ ಚೀನಾದ ಯುನ್ನಾನ್‌ವರೆಗೆ ನಡೆದ ಸಂಶೋಧನೆಗಳ ಸುತ್ತ ಒಂದು ನೋಟ.

ಥಾಣೆ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದರೆ ಕೋಪರಿ. ಒಂದು ಮಗ್ಗುಲಿಗೆ ರೈಲು ಹಳಿ, ಇನ್ನೊಂದು ಮಗ್ಗುಲಿಗೆ ಥಾಣೆ ಖಾಡಿ. ಮಳೆ ಹಿಡಿಯಿತೆಂದರೆ ಸೊಳ್ಳೆ, ಸೊಳ್ಳೆಯ ಬೆನ್ನಿಗೇ ಜ್ವರ. ತುಳುವರ ಆಟಿ ತಿಂಗಳ ಅಮಾವಾಸ್ಯೆ ಬರುವುದೂ ಇದೇ ಹೊತ್ತಿನಲ್ಲಿ, ಜುಲೈ ಕೊನೆಗೋ ಆಗಸ್ಟಿನಲ್ಲೋ. ಹೋಟೆಲು, ಬ್ಯಾಂಕು, ಕಾರ್ಖಾನೆಗಳ ದುಡಿಮೆಗೆಂದು ಕರಾವಳಿಯಿಂದ ಬಂದು ಕೋಪರಿ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆನಿಂತ ತುಳುವರು ಊರನ್ನು ಬಿಟ್ಟರೂ ಈ ದಿನದ ಕಷಾಯವನ್ನು ಬಿಟ್ಟಿಲ್ಲ.

ಕ್ರಮ ಗೊತ್ತಿರುವುದೇ. ಸೂರ್ಯ ಹುಟ್ಟುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕು, ಕಬ್ಬಿಣ ತಾಗಿಸಬಾರದು. ಅದನ್ನು ಓಮ, ಕರಿಮೆಣಸು, ಬೆಳ್ಳುಳ್ಳಿಯ ಜೊತೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಹಾಕಿ ಚುಂಯ್ ಎನ್ನಿಸಬೇಕು. ಖಾಲಿ ಹೊಟ್ಟೆಗೆ ಚಿಕ್ಕ ಲೋಟದಷ್ಟು ಕಷಾಯ, ಅದರ ಉಷ್ಣ ಇಳಿಯಲು ಮೇಲಿಂದ ಮೆಂತೆ ಗಂಜಿ. ವರ್ಷಪೂರ್ತಿ ರೋಗ ಹತ್ತಿರ ಸುಳಿಯದು ಎಂಬುದು ನಂಬಿಕೆ.

ಹಾಲೆಗೆ ತುಳುವಿನಲ್ಲಿ ಪಾಲೆ, ಮರಾಠಿಯಲ್ಲಿ ಸಾತವೀಣ್, ಸಂಸ್ಕೃತದಲ್ಲಿ ಸಪ್ತಪರ್ಣ. ಸಸ್ಯಶಾಸ್ತ್ರದಲ್ಲಿ ಆಲ್‌ಸ್ಟೋನಿಯಾ ಸ್ಕೊಲಾರಿಸ್. ಇದೊಂದು ಮರದ ಮೇಲೆ ನೂರೈವತ್ತು ವರ್ಷಗಳಿಂದ ಪ್ರಯೋಗ ನಡೆದಿದೆ. ಬಂದ ಫಲ ಭಕ್ತರಿಗೂ ಪೂರ್ತಿ ಹಿಡಿಸದು, ಮೂಗು ಮುರಿಯುವವರಿಗೂ ಪೂರ್ತಿ ಒಗ್ಗದು.

ಕಹಿಯೆಲ್ಲ ಕ್ವಿನೈನ್ ಅಲ್ಲ

1820ರಲ್ಲಿ ಪ್ಯಾರಿಸ್ಸಿನ ಪೆಲೆಟಿಯೆ ಮತ್ತು ಕಾವೆಂತೂ ಸಿಂಕೋನಾ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದ ಮೇಲೆ, ಉಷ್ಣವಲಯದ ಕಹಿ ತೊಗಟೆಗಳಿಗೆಲ್ಲ ಬೇಡಿಕೆ ಬಂತು. ಫಿಲಿಪ್ಪೀನ್ಸ್‌ನಲ್ಲಿ ಹಾಲೆಗೆ ಡಿಟಾ ಎಂದು ಹೆಸರು. ಮನಿಲಾದ ಔಷಧ ತಯಾರಕ ಗ್ರುಪ್ಪೆ ಅದರ ತೊಗಟೆಯಿಂದ ತೆಗೆದ ಕಹಿಸತ್ವಕ್ಕೆ 'ಡಿಟೈನ್' ಎಂದು ಹೆಸರಿಟ್ಟು, ಕ್ವಿನೈನಿನ ಬದಲಿಗೆ ಕೊಡಬಹುದೆಂದ. ರಸಾಯನಜ್ಞರು ಮುಂದೆ ಅದನ್ನು ಬಿಡಿಸಿ ನೋಡಿದಾಗ ಎಕಿಟಮೈನ್ ಮೊದಲಾದ ಹಲವು ಆಲ್ಕಲಾಯ್ಡ್‌ಗಳು ಸಿಕ್ಕವು. ಕ್ವಿನೈನ್ ಮಾತ್ರ ಇರಲಿಲ್ಲ.

ಮಲೇರಿಯಾದ ಪರೀಕ್ಷೆಯಲ್ಲಿ ಹಾಲೆ ಹಿಂದೆ ಬಿತ್ತು. 1990ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ, ಸೋಂಕು ತಗುಲಿದ ಇಲಿಗಳಿಗೆ ತೊಗಟೆಯ ಸಾರ ಕೊಟ್ಟಾಗ ಅವು ಕೊಂಚ ಚೇತರಿಸಿಕೊಂಡವು, ಸಾವು ಮುಂದಕ್ಕೆ ಹೋಯಿತು. ರಕ್ತದೊಳಗಿನ ಪರಾವಲಂಬಿ ಮಾತ್ರ ಸಾಯಲಿಲ್ಲ. ಹಾಲೆ, ಕಟುಕರೋಹಿಣಿ, ಕಿರಾತಕಡ್ಡಿ, ಗಜ್ಜುಗ ಸೇರಿಸಿ ಆಯುರ್ವೇದ ಸಂಶೋಧನಾ ಮಂಡಳಿ ರೂಪಿಸಿದ ಆಯುಷ್-64 ಗುಳಿಗೆಯನ್ನು ಕ್ಲೋರೋಕ್ವಿನ್ ಎದುರು ಪರೀಕ್ಷಿಸಿದ ವರದಿ 2000ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು. ವೈವಾಕ್ಸ್ ಮಲೇರಿಯಾದಲ್ಲಿ ಕ್ಲೋರೋಕ್ವಿನ್ ಪಡೆದವರೆಲ್ಲ ಗುಣವಾದರೆ, ಗುಳಿಗೆ ನುಂಗಿದವರಲ್ಲಿ ಗುಣವಾದದ್ದು ಸುಮಾರು ಅರ್ಧ ಮಂದಿ. ಇದೇ ಆಯುಷ್-64 ಅನ್ನು 2021ರಲ್ಲಿ ಕೋವಿಡ್‌ನ ಸೌಮ್ಯ ಪ್ರಕರಣಗಳಿಗೆ ಪೂರಕವಾಗಿ ಕೊಡಬಹುದೆಂದು ಆಯುಷ್ ಸಚಿವಾಲಯ ಹೇಳಿದಾಗ ಅದರ ಹೆಸರು ಮತ್ತೆ ಮನೆಮಾತಾಯಿತು.

ಹಾಗಾಗಿ ಆಟಿ ಕಷಾಯ ಕುಡಿದಾಯಿತು, ಇನ್ನು ಮಲೇರಿಯಾದ ಭಯವಿಲ್ಲ ಎಂದು ಕೋಪರಿಯಲ್ಲಿ ಸೊಳ್ಳೆಪರದೆ ಮಡಚಿಡುವಂತಿಲ್ಲ. ಚಳಿಜ್ವರ ಬಂದರೆ ರಕ್ತಪರೀಕ್ಷೆಯೇ ಮೊದಲು.

ಮಣಿಪಾಲದ ಇಲಿಗಳು ಹೇಳಿದ್ದು

ಈ ಮರದ ಬಗ್ಗೆ ಅತ್ಯಂತ ಉಪಯುಕ್ತವಾದ ಕೆಲಸ ನಡೆದದ್ದು ತುಳುನಾಡಿನಲ್ಲೇ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಗಣೇಶ್ ಚಂದ್ರ ಜಗೇಟಿಯಾ ಮತ್ತು ಮಂಜೇಶ್ವರ ಶ್ರೀನಾಥ್ ಬಾಳಿಗಾ ಅವರ ತಂಡ ಹಾಲೆಯ ಕ್ಯಾನ್ಸರ್‌ನಿರೋಧಕ ಗುಣವನ್ನು ಹುಡುಕಹೊರಟಿತ್ತು. ಬೇಸಿಗೆ, ಮಳೆಗಾಲ, ಚಳಿಗಾಲಗಳಲ್ಲಿ ಬೇರೆ ಬೇರೆಯಾಗಿ ಸಂಗ್ರಹಿಸಿದ ಸಾರವನ್ನು ಅವರು ಹೋಲಿಸಿ ನೋಡಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಇಲಿಗಳಿಗೆ ಬೇಸಿಗೆಯ ಸಾರ ಅತಿ ಹೆಚ್ಚು ವಿಷಕಾರಿ, ಅದರ ನಂತರ ಚಳಿಗಾಲದ್ದು. ಎಲ್ಲಕ್ಕಿಂತ ಕಡಿಮೆ ವಿಷ ಮಳೆಗಾಲದ ಸಾರದಲ್ಲಿ.

ಆಟಿ ಬರುವುದು ನಡುಮಳೆಗಾಲದಲ್ಲಿ! ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳಲು ಇಷ್ಟು ಸಾಕೆನಿಸಬಹುದು. ಆದರೆ ಒಂದು ಮಾತು ನೆನಪಿರಲಿ. ಪ್ರಯೋಗದಲ್ಲಿ ಬಳಸಿದ್ದು ಮದ್ಯಸಾರ ಮತ್ತು ನೀರಿನಲ್ಲಿ ಇಳಿಸಿದ ಸಾರ, ನಾವು ಕುಡಿಯುವುದು ಹಸಿ ತೊಗಟೆಯ ರಸ. ವಿಷ ಕಡಿಮೆ ಎಂಬುದಕ್ಕೆ ಮದ್ದು ಹೆಚ್ಚು ಎಂಬ ಅರ್ಥವೂ ಇಲ್ಲ: ಕ್ಯಾನ್ಸರ್ ಕೋಶಗಳ ಮೇಲೆ ಹೆಚ್ಚು ಪರಿಣಾಮ ತೋರಿದ್ದು ಬೇಸಿಗೆಯ ಸಾರವೇ. ಕೊಲ್ಲುವ ಶಕ್ತಿ ಎರಡೂ ಕಡೆಗೆ ಹರಿತವಾಗಿಯೇ ಇರುತ್ತದೆ.

ಅದೇ ತಂಡದ ಇನ್ನೊಂದು ಅಧ್ಯಯನವನ್ನು ಪ್ರತಿ ಮನೆಯೂ ತಿಳಿದಿರಬೇಕು. ಗಬ್ಬದ ಇಲಿಗಳಿಗೆ ಹನ್ನೊಂದನೆಯ ದಿನ ಸಾರ ಕೊಟ್ಟಾಗ, ದೇಹತೂಕದ ಕಿಲೋವೊಂದಕ್ಕೆ 240 ಮಿಲಿಗ್ರಾಂವರೆಗೆ ತೊಂದರೆ ಕಾಣಲಿಲ್ಲ. ಅದನ್ನು ಮೀರಿದಾಗ ಮರಿಗಳ ಸಾವು, ಕುಂಠಿತ ಬೆಳವಣಿಗೆ, ಬಾಗಿದ ಬಾಲ, ಅಂಟಿಕೊಂಡ ಬೆರಳುಗಳು ಕಂಡವು. ಹೆಚ್ಚಿನ ಪ್ರಮಾಣವನ್ನು ದಿನಗಟ್ಟಲೆ ಕೊಟ್ಟಾಗ ಬೆಳೆದ ಇಲಿಗಳ ಅಂಗಾಂಗಗಳಿಗೂ ಹಾನಿಯಾಯಿತು. ಇಲಿಯ ಲೆಕ್ಕವನ್ನು ನೇರವಾಗಿ ಮನುಷ್ಯರಿಗೆ ಹಚ್ಚಲಾಗದು. ಆದರೂ ಬಸುರಿಯರು ಈ ಲೋಟವನ್ನು ಮುಟ್ಟದಿರುವುದೇ ಒಳ್ಳೆಯದು ಎನ್ನಲು ಇಷ್ಟು ಸಾಕು.

ಪರಿಮಳದ ಮೇಲೆ ಆರೋಪ

ಮಳೆ ಹಿಂದೆ ಸರಿದು ಅಕ್ಟೋಬರ್-ನವೆಂಬರ್ ಬಂತೆಂದರೆ ಇದೇ ಮರ ಬೇರೆ ಕಾರಣಕ್ಕೆ ಸುದ್ದಿಯಾಗುತ್ತದೆ. ಹಸಿರುಬಿಳಿ ಪುಟ್ಟ ಹೂಗಳ ಗೊಂಚಲು ಸಂಜೆಯಾದ ಮೇಲೆ ಬೀರುವ ವಾಸನೆ ಕೆಲವರಿಗೆ ಸುಗಂಧ, ಕೆಲವರಿಗೆ ತಲೆಶೂಲೆ. ಇದರಿಂದಲೇ ಉಬ್ಬಸ, ಮರ ಕಡಿಸಿ ಎಂಬ ದೂರುಗಳು ನಗರ ನಗರಗಳಲ್ಲಿ ಕೇಳಿಬರುತ್ತವೆ.

ಹೂವಿನ ತೈಲದಲ್ಲಿ ಮುಖ್ಯವಾಗಿರುವುದು ಲಿನಲೂಲ್, ಸಾಬೂನು-ಅತ್ತರುಗಳಲ್ಲೂ ಇರುವ ವಸ್ತು. ಮೂಗು ಸೂಕ್ಷ್ಮವಾದವರಿಗೆ ಘಾಟು ತಡೆಯದು ಎಂಬುದು ನಿಜ. ಆದರೆ ಹಾಲೆಯ ಪರಾಗಸ್ಪರ್ಶ ಮಾಡುವುದು ಕೀಟಗಳು. ಗಾಳಿಯನ್ನೇ ನೆಚ್ಚಿದ ಹುಲ್ಲುಗಳ ಹಾಗೆ ಅದು ಪರಾಗವನ್ನು ಊರಿಗೆಲ್ಲ ತೂರುವುದಿಲ್ಲ. ಹೂ ಬಿಡುವ ದಿನಗಳಲ್ಲೇ ಮಳೆಗಾಳಿ ನಿಂತು, ವಾಹನದ ಹೊಗೆ, ಕಟ್ಟಡದ ಧೂಳು, ದೀಪಾವಳಿಯ ಪಟಾಕಿ ನೆಲಮಟ್ಟದಲ್ಲೇ ಕಟ್ಟಿಕೊಳ್ಳುತ್ತವೆ. ಕಣ್ಣಿಗೆ ಕಾಣದ ಹೊಗೆಗಿಂತ ಮೂಗಿಗೆ ಬಡಿಯುವ ಹೂವಿನ ಮೇಲೆ ಅಪವಾದ ಹೊರಿಸುವುದು ಸುಲಭ.

ವಿಚಿತ್ರವೆಂದರೆ ಯುನ್ನಾನ್‌ನ ದಾಯಿ ಜನರು ಈ ಮರದ ಎಲೆಯನ್ನು ಕೆಮ್ಮು, ಉಬ್ಬಸಕ್ಕೇ ಮದ್ದಾಗಿ ಬಳಸುತ್ತ ಬಂದಿದ್ದಾರೆ. ಅಲ್ಲಿನ ವಿಜ್ಞಾನಿಗಳು ಎಲೆಯ ಆಲ್ಕಲಾಯ್ಡ್‌ಗಳನ್ನು ಕ್ಯಾಪ್ಸೂಲ್ ಮಾಡಿ ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೂ ಒಯ್ದಿದ್ದಾರೆ. ತೊಗಟೆಯದು ಒಂದು ಕಥೆ, ಎಲೆಯದು ಇನ್ನೊಂದು.

ಹಾಲೆಯೋ, ಕಾಸರಕವೋ?

ಆಟಿಯ ನಸುಕಿನಲ್ಲಿ ಆಗುವ ದೊಡ್ಡ ಅನಾಹುತ ಮರ ತಪ್ಪುವುದು. ಹಾಲೆಯೆಂದು ಭ್ರಮಿಸಿ ತರಬಹುದಾದ ಕಾಸರಕ ಮರದ ತೊಗಟೆಯಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಮಾರಕ ವಿಷಗಳಿವೆ. ಹಗಲಿನಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟವಲ್ಲ.

ಹಾಲೆ: ಗೆಣ್ಣಿನ ಸುತ್ತ ಕೊಡೆಯ ಕಡ್ಡಿಗಳಂತೆ ನಾಲ್ಕರಿಂದ ಹತ್ತು ಎಲೆ, ಹೆಚ್ಚಾಗಿ ಏಳು. ತೊಟ್ಟು ಮುರಿದರೆ ಬಿಳಿ ಹಾಲು ಜಿನುಗುತ್ತದೆ. ಕಾಯಿ ಜೋಡಿಯಾಗಿ ನೇತಾಡುವ ತೆಳ್ಳನೆಯ ಉದ್ದ ಕೋಡು.

ಕಾಸರಕ: ಎಲೆ ಎದುರುಬದುರು ಎರಡೆರಡೇ, ಪ್ರತಿ ಎಲೆಯಲ್ಲೂ ಬುಡದಿಂದ ತುದಿಗೆ ಸಾಗುವ ಎದ್ದುಕಾಣುವ ನರಗಳು. ಹಾಲಿಲ್ಲ. ಹಣ್ಣು ಗುಂಡಗೆ, ಕಿತ್ತಳೆ ಬಣ್ಣ.

ಹಿಂದಿನ ದಿನ ಬೆಳಕಿರುವಾಗಲೇ ಮರ ಗುರುತಿಸಿಟ್ಟುಕೊಂಡರೆ ಕತ್ತಲಲ್ಲಿ ಕೈ ತಪ್ಪದು.

ರಸ್ತೆಬದಿಯ ತೊಗಟೆ ಬೇಡ

ನಗರಗಳು ಹಾಲೆಯನ್ನು ಸಾಲುಮರವಾಗಿ ನೆಡುವುದಕ್ಕೆ ಕಾರಣವಿದೆ. ಬೇಗ ಬೆಳೆಯುತ್ತದೆ, ಸದಾ ಹಸಿರು, ಕಹಿಹಾಲಿನ ದೆಸೆಯಿಂದ ದನವೂ ಬಾಯಿ ಹಾಕದು. ದಪ್ಪ ಎಲೆ ಧೂಳು ಹಿಡಿಯುತ್ತದೆ. ಆದರೆ ಧೂಳು ಹಿಡಿಯುವ ಮರದ ತೊಗಟೆ ಸೀಸದಂಥ ಲೋಹಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ವಾಯುಮಾಲಿನ್ಯ ಅಳೆಯಲು ವಿಜ್ಞಾನಿಗಳು ತೊಗಟೆಯನ್ನೇ ಪರೀಕ್ಷಿಸುವುದು ಇದೇ ಕಾರಣಕ್ಕೆ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಪಕ್ಕದ ಮರದಿಂದ ಕಷಾಯ ಮಾಡಿದರೆ ಹೈವೇಯನ್ನೂ ಕುಡಿದಂತೆಯೇ. ಸುತ್ತಲೂ ತೊಗಟೆ ಸುಲಿದರೆ ಎಲೆಯ ಆಹಾರ ಬೇರಿಗಿಳಿಯುವ ದಾರಿ ಕಡಿದು ಮರವೂ ಒಣಗುತ್ತದೆ. ಮಹಾರಾಷ್ಟ್ರದ ನಗರಗಳಲ್ಲಿ ಮರಗಳಿಗೆ 1975ರ ಕಾಯ್ದೆಯ ರಕ್ಷಣೆಯೂ ಇದೆ.

ವರ್ಷಕ್ಕೆ ಒಂದೇ ದಿನ, ಒಂದೇ ಲೋಟ, ಮೇಲೊಂದು ಗಂಜಿ: ಆಚರಣೆ ತಾನೇ ಹಾಕಿಕೊಂಡ ಈ ಮಿತಿ ಪ್ರಯೋಗಾಲಯದ ಮಾತಿಗೆ ಹತ್ತಿರವಿದೆ. ಅದೇ ತೊಗಟೆಯನ್ನು ಪುಡಿ ಮಾಡಿ, ಬಾಟಲಿಗೆ ತುಂಬಿ, ದಿನವೂ ಎರಡು ಚಮಚ ಎಂದು ವಾಟ್ಸಾಪ್‌ನಲ್ಲಿ ಮಾರುವುದು ಹಿರಿಯರ ಕ್ರಮವೂ ಅಲ್ಲ, ವಿಜ್ಞಾನವೂ ಅಲ್ಲ. ಕಷಾಯ ಹಂಚುವ ನಮ್ಮ ಸಂಘಗಳು ಮುಂದಿನ ಆಟಿಗೆ ಪಾತ್ರೆಯ ಪಕ್ಕ ಒಂದು ಫಲಕ ಇಡಲಿ: ತೊಗಟೆ ಎಲ್ಲಿಯದು, ಮರ ಗುರುತಿಸಿದವರು ಯಾರು, ಬಸುರಿಯರು, ಚಿಕ್ಕ ಮಕ್ಕಳು, ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ನಾಲ್ಕು ಸಾಲಿನ ಖರ್ಚು ಅಷ್ಟೇ. ಅಷ್ಟು ಮಾಡಿದರೆ ಕಷಾಯ ಉಳಿಯುತ್ತದೆ, ಕುಡಿದವರೂ ಕ್ಷೇಮವಾಗಿರುತ್ತಾರೆ.